ನೋಟು ರದ್ದತಿಯ ಅಧಿಕಾರ ಯಾರದು?

ಠಾಕುರ್ಲಿಯಿಂದ ಲೋಕಲ್ ಗಾಡಿಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಹೋಗಿ ಇಳಿದರೆ, ಅನತಿದೂರದಲ್ಲಿಯೇ ಭಾರತೀಯ ರಿಜರ್ವ್ ಬ್ಯಾಂಕಿನ ಕೇಂದ್ರ ಕಚೇರಿ. ನಿಮ್ಮ ಜೇಬಿನ ಹತ್ತು ರೂಪಾಯಿ ನೋಟಿನ ಮೇಲಿರುವುದು ಅದರ ಗವರ್ನರರ ಸಹಿ. ನೋಟು-ನಾಣ್ಯಗಳ ವಿಷಯವನ್ನು ಸಂವಿಧಾನವು ಕೇಂದ್ರಕ್ಕೆ ವಹಿಸಿದೆ. ಬ್ಯಾಂಕೂ 1949ರಿಂದ ಸರ್ಕಾರದ ಸ್ವತ್ತು. ಹಾಗಾದರೆ ಸರ್ಕಾರ ಹೇಳಿದ್ದಕ್ಕೆಲ್ಲ ಬ್ಯಾಂಕು ತಲೆದೂಗಬೇಕೆ?

2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದುವು. ದಿನಗೂಲಿಯವರು ಕೆಲಸ ಬಿಟ್ಟು ಬ್ಯಾಂಕುಗಳ ಮುಂದೆ ಸಾಲುಗಟ್ಟಿದರು. ಪ್ರಶ್ನೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1934ರ ರಿಜರ್ವ್ ಬ್ಯಾಂಕ್ ಕಾಯಿದೆಯಂತೆ ಬ್ಯಾಂಕಿನ ಕೇಂದ್ರ ಮಂಡಲಿ ಶಿಫಾರಸು ಮಾಡಬೇಕು, ಸರ್ಕಾರ ಘೋಷಿಸಬೇಕು. ಇಲ್ಲಿಯಾದರೋ ನವೆಂಬರ್ 7ರಂದು ಸರ್ಕಾರವೇ ಬ್ಯಾಂಕಿಗೆ ಪತ್ರ ಬರೆದಿತ್ತು. ಮರುದಿನವೇ ಶಿಫಾರಸು ಬಂದಿತು!

2023ರ ಜನವರಿ 2ರಂದು ನಾಲ್ವರು ನ್ಯಾಯಮೂರ್ತಿಗಳು ಇದರಲ್ಲಿ ದೋಷವಿಲ್ಲವೆಂದರು. ಕನ್ನಡನಾಡಿನ ಬಿ.ವಿ. ನಾಗರತ್ನ ಅವರೊಬ್ಬರೇ ಒಪ್ಪಲಿಲ್ಲ. ಶಿಫಾರಸು ಬ್ಯಾಂಕಿನಿಂದಲೇ ಹುಟ್ಟಬೇಕು, ಸರ್ಕಾರವೇ ಮುಂದಾಗುವುದಾದರೆ ಸುಗ್ರೀವಾಜ್ಞೆಯನ್ನೋ ಸಂಸತ್ತಿನ ಕಾನೂನನ್ನೋ ತರಬೇಕು ಎಂಬುದು ಅವರ ವಾದ. 1946ರಲ್ಲಿಯೂ 1978ರಲ್ಲಿಯೂ ದೊಡ್ಡ ನೋಟುಗಳು ರದ್ದಾದುದು ಸುಗ್ರೀವಾಜ್ಞೆಯಿಂದಲೇ. ಗುಟ್ಟು ಕಾಯಬೇಕಿತ್ತು ಎನ್ನುವವರಿಗೆ ಇದೇ ತಕ್ಕ ಉತ್ತರವೆಂದು ನನ್ನ ಎಣಿಕೆ. ಚರ್ಚಾಕೂಟದಲ್ಲಿ ನೀವು ಎದುರುಪಕ್ಷ ವಹಿಸಬಹುದು. ಬಹುಮತದ ತೀರ್ಪೇ ಇಂದಿಗೂ ಕಾನೂನಾಗಿದೆ. ಆಗಿಹೋದ ರದ್ದತಿಯನ್ನು ಹಿಂತೆಗೆಯಬೇಕೆಂದು ನಾಗರತ್ನ ಅವರೂ ಹೇಳಲಿಲ್ಲ.