ಹಿತ್ತಿಲಿನ ಕುಬ್ಜಮೇಕೆಗಳು

ಅಮೆರಿಕದ ವಾಯವ್ಯದಲ್ಲಿರುವ ಸಿಯಾಟಲ್ ನಗರದ ಪೌರಸಭೆಯು 2007ರಲ್ಲಿ ತನ್ನ ನಿಯಮಾವಳಿಯನ್ನು ತಿದ್ದಿ, ವಸತಿಗೃಹಗಳ ಹಿತ್ತಿಲಿನಲ್ಲಿ ಕುಬ್ಜಜಾತಿಯ ಮೇಕೆಗಳನ್ನು ಸಾಕಿಕೊಳ್ಳುವುದಕ್ಕೆ ನಾಗರಿಕರಿಗೆ ಅನುಮತಿಯನ್ನಿತ್ತಿತು. ಅನುಮತಿಯ ಜೊತೆಗೇ ಎರಡು ಕಟ್ಟಳೆಗಳನ್ನೂ ವಿಧಿಸಿತು: ಮೇಕೆಗೆ ಕೊಂಬಿರಕೂಡದು; ಗಂಡಾದರೆ ಅದರ ಬೀಜ ಒಡೆಸಿರಬೇಕು. ಮೇಲುನೋಟಕ್ಕೆ ನೆರೆಹೊರೆಯವರ ನೆಮ್ಮದಿಗಾಗಿ ಮಾಡಿದಂತೆ ತೋರುವ ಈ ಕಟ್ಟಳೆಗಳ ಹಿಂದೆ ಮೇಕೆಯ ಶರೀರಶಾಸ್ತ್ರದ ಒಂದು ದೊಡ್ಡ ಅಧ್ಯಾಯವೇ ಇದೆ. ಮಕ್ಕಳಿಗೊಂದು ಒಡನಾಡಿಯೂ ಆಯಿತು, ಮನೆಗೆ ಹಾಲೂ ಆಯಿತು ಎಂಬ ಆಸೆಯಿಂದ ಕುಬ್ಜಮೇಕೆಯನ್ನು ಕೊಳ್ಳಹೊರಡುವ ಗೃಹಸ್ಥರು ಆ ಅಧ್ಯಾಯವನ್ನು ಓದದೆ, ಮರಿಯ ಮುದ್ದುಮುಖವೊಂದನ್ನೇ ನೋಡಿ ನಿಶ್ಚಯಮಾಡಿದರೆ ಪ್ರಾಣಿಗೂ ಮನೆಯವರಿಗೂ ಕ್ಲೇಶ ತಪ್ಪದು. ಕುಬ್ಜತೆಯೆಂಬುದು ಈ ಮೇಕೆಗಳ ಎಲುಬಿಗೆ ಸಂಬಂಧಿಸಿದ್ದು. ಅವುಗಳ ಜಠರವಾಗಲಿ, ಸಂತಾನಶಕ್ತಿಯಾಗಲಿ, ಮಂದೆಯಲ್ಲಿ ಬಾಳುವ ಮನಸ್ಸಾಗಲಿ ಕುಬ್ಜವಾಗಿಲ್ಲ.

ಈ ತಳಿಗಳ ತವರು ಪಶ್ಚಿಮ ಆಫ್ರಿಕ. ಗಿನಿ ಕೊಲ್ಲಿಯ ದಡದುದ್ದಕ್ಕೂ ಹಬ್ಬಿದ ಉಷ್ಣಾರ್ದ್ರವಾದ ಕಾಡುನಾಡಿನಲ್ಲಿ, ಸೆಟ್ಸೆ ಎಂಬ ನೊಣವು ಟ್ರಿಪನೊಸೋಮ್ ಜಾತಿಯ ಏಕಕೋಶಜೀವಿಗಳನ್ನು ಹರಡಿ ದನಕರುಗಳನ್ನು ಕೊಲ್ಲುವ ಆ ಪ್ರದೇಶದಲ್ಲಿ, ಹೊರಗಿನಿಂದ ತಂದ ದೊಡ್ಡ ತಳಿಗಳು ಕ್ಷೀಣಿಸಿ ಸಾಯುತ್ತಿದ್ದರೆ, ಅಲ್ಲಿಯ ಗಿಡ್ಡಮೇಕೆಗಳು ಶತಮಾನಗಳಿಂದ ಆ ರೋಗವನ್ನು ಬಹುಮಟ್ಟಿಗೆ ಸಹಿಸಿಕೊಂಡು ಬಾಳಿವೆ. ಚಿಕ್ಕ ದೇಹಕ್ಕೆ ಅದರ ಘನಗಾತ್ರದ ಪ್ರಮಾಣದಲ್ಲಿ ಚರ್ಮದ ವಿಸ್ತಾರ ಹೆಚ್ಚಾಗಿರುವುದರಿಂದ ಒಳಗಿನ ಶಾಖ ಸುಲಭವಾಗಿ ಹೊರಗೆ ಹೋಗುತ್ತದೆ. ಮೇವೂ ಕಡಮೆ ಸಾಕು. ಇಂಥ ಮೇಕೆಗಳು ಕಳೆದ ಶತಮಾನದಲ್ಲಿ ಮೃಗಾಲಯಗಳ ಮೂಲಕ ಅಮೆರಿಕವನ್ನು ಸೇರಿದುವು. ಅಲ್ಲಿಯ ಸಾಕಣೆಗಾರರು ಅವುಗಳಲ್ಲಿ ಎರಡು ಬಗೆಯ ಮೈಕಟ್ಟನ್ನು ಗುರುತಿಸಿ ಬೇರ್ಪಡಿಸಿದರು. ಮೋಟುಗಾಲು, ದುಂಡುಹೊಟ್ಟೆ, ಬಲಿತ ಮಾಂಸಖಂಡಗಳುಳ್ಳದ್ದು ಪಿಗ್ಮಿ ತಳಿಯಾಯಿತು. ದೊಡ್ಡ ಹಾಲುಮೇಕೆಯನ್ನೇ ಎಲ್ಲ ಅಂಗಗಳಲ್ಲಿಯೂ ಸಮಪ್ರಮಾಣದಲ್ಲಿ ಕಿರಿದುಮಾಡಿದಂತೆ ತೆಳುವಾದ ಕೊರಳು, ನೀಳವಾದ ಕಾಲು, ವಿಶಾಲವಾದ ಕೆಚ್ಚಲುಳ್ಳದ್ದು ನೈಜೀರಿಯನ್ ಡ್ವಾರ್ಫ್ ಎನಿಸಿಕೊಂಡಿತು. ಅಮೆರಿಕನ್ ಗೋಟ್ ಸೊಸೈಟಿಯು ಈ ಎರಡನೆಯ ತಳಿಗಾಗಿ 1984ರಲ್ಲಿ ವಂಶಾವಳಿಯ ಪುಸ್ತಕವನ್ನು ತೆರೆಯಿತು. ಅಮೆರಿಕನ್ ಡೈರಿ ಗೋಟ್ ಅಸೋಸಿಯೇಷನ್ 2005ರಲ್ಲಿ ಇದನ್ನು ಹಾಲಿನ ತಳಿಗಳ ಪಂಕ್ತಿಗೆ ಸೇರಿಸಿಕೊಂಡಿತು. ಮುದ್ದಿಗಾಗಿಯೇ ಆದರೆ ಪಿಗ್ಮಿ ಚೆನ್ನು. ಹಾಲಿನ ಮಾತು ಬಂದಾಗ ನನ್ನ ಮತವು ನಿಸ್ಸಂದೇಹವಾಗಿ ನೈಜೀರಿಯನ್ ಡ್ವಾರ್ಫಿನ ಕಡೆಗಿದೆ.

ಈ ತಳಿಯ ಹೆಣ್ಣಿನ ಎತ್ತರ ಭುಜದ ಬಳಿ ಐವತ್ತೇಳು ಸೆಂಟಿಮೀಟರನ್ನು ಮೀರಬಾರದೆಂದು ನಿಯಮ. ತೂಕ ಸುಮಾರು 35 ಕಿಲೋಗ್ರಾಂ. ಸ್ವಿಟ್ಜರ್ಲೆಂಡಿನ ಸಾನೆನ್ ಮೇಕೆ ಅರುವತ್ತು ಕಿಲೋಗ್ರಾಮಿಗೂ ಮೇಲೆ ತೂಗುತ್ತದೆಂಬುದನ್ನು ನೆನೆದರೆ ಇದರ ಅಲ್ಪಕಾಯ ಮನಸ್ಸಿಗೆ ಬಂದೀತು. ಸಾನೆನ್ ದಿನಕ್ಕೆ ಮೂರು ನಾಲ್ಕು ಲೀಟರು ಕರೆಯುವಲ್ಲಿ ಇದು ಒಂದು ಲೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ; ಆದರೆ ಅದರ ಹಾಲಿನಲ್ಲಿ ಜಿಡ್ಡು ಶೇಕಡ 3.5ರಷ್ಟಿದ್ದರೆ ಇದರಲ್ಲಿ ಶೇಕಡ 6ನ್ನೂ ಮೀರುತ್ತದೆ. ಚಿಕ್ಕ ಸಂಸಾರಕ್ಕೆ ಇದಕ್ಕಿಂತ ಹೆಚ್ಚು ಹಾಲು ಹೊರೆಯಾದೀತೇ ಹೊರತು ಭಾಗ್ಯವೆನಿಸದು.

ಆ ಹಾಲಿನ ಗುಣಗಳೂ ಗಮನಾರ್ಹವಾದುವು. ಹಸುವಿನ ಹಾಲಿಗಿರುವ ನಸುಹಳದಿಯ ಛಾಯೆ ಇದಕ್ಕಿಲ್ಲ; ಮೇವಿನಲ್ಲಿರುವ ಕ್ಯಾರೊಟೀನ್ ಎಂಬ ವರ್ಣದ್ರವ್ಯವನ್ನು ಮೇಕೆಯ ದೇಹವು ವರ್ಣರಹಿತವಾದ ಎ ಜೀವಸತ್ವವಾಗಿ ಮಾರ್ಪಡಿಸಿಬಿಡುವುದರಿಂದ ಹಾಲು ಅಚ್ಚಬಿಳುಪಾಗಿರುತ್ತದೆ. ಜಿಡ್ಡಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಮೇಲಕ್ಕೆ ತೇಲಿಸುವ ಒಂದು ಪ್ರೋಟೀನು ಹಸುವಿನ ಹಾಲಿನಲ್ಲಿರುವಂತೆ ಮೇಕೆಯ ಹಾಲಿನಲ್ಲಿಲ್ಲ. ಆದುದರಿಂದ ಹಸಿಹಾಲಿನ ಮೇಲೆ ಕೆನೆ ಬೇಗ ಕಟ್ಟುವುದಿಲ್ಲ, ಬೆಣ್ಣೆ ತೆಗೆಯಬೇಕೆನ್ನುವವರಿಗೆ ಯಂತ್ರದ ಸಹಾಯ ಬೇಕಾಗುತ್ತದೆ. ಹಸುವಿನ ಹಾಲಿನ ಪ್ರೋಟೀನು ಒಗ್ಗದ ಮಗುವಿಗೆ ಮೇಕೆಯ ಹಾಲು ಒಗ್ಗುತ್ತದೆಂಬ ನಂಬಿಕೆ ಎಲ್ಲೆಡೆಯೂ ಉಂಟು. ಇವೆರಡರ ಪ್ರೋಟೀನುಗಳೂ ಬಹಳ ಮಟ್ಟಿಗೆ ಸದೃಶವಾಗಿರುವುದರಿಂದ ಆ ನಂಬಿಕೆ ಅಪಾಯಕರವಾದುದು. ಮೇಕೆಯ ಹಾಲಿನಲ್ಲಿ ಫೋಲಿಕ್ ಆಮ್ಲವು ಅತ್ಯಲ್ಪವಾಗಿರುವ ಕಾರಣ, ಅದನ್ನೇ ಏಕೈಕ ಆಹಾರವಾಗಿ ಕುಡಿದು ಬೆಳೆಯುವ ಶಿಶುವಿಗೆ ಒಂದು ಬಗೆಯ ರಕ್ತಹೀನತೆ ಬರುತ್ತದೆಂಬುದನ್ನು ತಾಯಂದಿರು ತಿಳಿದಿರಬೇಕು. ಹಸಿಹಾಲಿನಿಂದ ಬ್ರೂಸೆಲ್ಲಾ ಮೊದಲಾದ ರೋಗಾಣುಗಳು ಮನುಷ್ಯನಿಗೆ ದಾಟಬಲ್ಲುವಾದುದರಿಂದ, ಹಾಲನ್ನು ಉಕ್ಕುವಂತೆ ಕಾಯಿಸದೆ ಬಾಯಿಗಿಡದ ನಮ್ಮ ಅಡುಗೆಮನೆಗಳ ಹಳೆಯ ಪದ್ಧತಿ ಇಲ್ಲಿಯೂ ಅನುಸರಣೀಯ.

ಶುದ್ಧ ಕುಬ್ಜತಳಿಗಳಲ್ಲದೆ ಸಂಕರದಿಂದ ಹುಟ್ಟಿದ ಗಿಡ್ಡತಳಿಗಳೂ ಅಮೆರಿಕದಲ್ಲಿ ಪ್ರಚಾರದಲ್ಲಿವೆ. ದೊಡ್ಡ ಜಾತಿಯ ಹೆಣ್ಣಿಗೆ ನೈಜೀರಿಯನ್ ಡ್ವಾರ್ಫ್ ಹೋತವನ್ನು ಕೂಡಿಸಿ ಇವನ್ನು ಪಡೆಯುತ್ತಾರೆ; ಇದನ್ನೇ ತಿರುಗಿಸಿ ಗಿಡ್ಡ ಹೆಣ್ಣಿಗೆ ದೊಡ್ಡ ಹೋತವನ್ನು ಕೂಡಿಸಿದರೆ, ಗರ್ಭದಲ್ಲಿ ಬೆಳೆದ ಮರಿ ತಾಯಿಯ ಮೈಗೆ ಮೀರಿದುದಾಗಿ ಈಯುವಾಗ ಪ್ರಾಣಾಪಾಯ ಒದಗೀತು. ಇವುಗಳಲ್ಲಿ ಮಿನಿ ನ್ಯೂಬಿಯನ್ನಿನ ಜೋಲುಗಿವಿಯಲ್ಲಿ ಭಾರತದ ನೆತ್ತರಿದೆ. ಬ್ರಿಟನ್ನಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡ ಆಂಗ್ಲೋ ನ್ಯೂಬಿಯನ್ ತಳಿಯ ಪೂರ್ವಜರಲ್ಲಿ ನಮ್ಮ ಯಮುನಾತೀರದ ಜಮುನಾಪಾರಿಯೂ ಒಂದು. ಹಾಲು ರುಚಿಕರ, ರೂಪ ರಾಜೋಚಿತ, ಆದರೆ ಕಂಠ ಬಹಳ ದೊಡ್ಡದು. ಗೋಡೆಗೆ ಗೋಡೆ ತಗುಲಿದ ಬಡಾವಣೆಯಲ್ಲಿ ಅದನ್ನು ಕಟ್ಟಿಕೊಳ್ಳುವುದನ್ನು ನಾನು ಅನುಮೋದಿಸಲಾರೆ. ಹೊರಗಿವಿಯೇ ಇಲ್ಲದಂತೆ ತೋರುವ ಮಿನಿ ಲಾಮಾಂಚಾ ಶಾಂತಸ್ವಭಾವದ್ದೆಂದು ಪ್ರಸಿದ್ಧಿ ಪಡೆದಿದೆ.

ಹಾಲಿಗಾಗಿ ಹೆಣ್ಣುಮೇಕೆಯನ್ನು ಕೊಳ್ಳುವವರಿಗೆ ಎಷ್ಟೋ ವೇಳೆ ಹೊಳೆಯದ ವಿಷಯವೊಂದುಂಟು: ಮೇಕೆ ಈಯದೆ ಹಾಲಿಲ್ಲ. ಸುಮಾರು ನೂರನಲವತ್ತೈದು ದಿನಗಳ ಗಬ್ಬದ ನಂತರ ನೈಜೀರಿಯನ್ ಡ್ವಾರ್ಫಿನಲ್ಲಿ ಎರಡು ಮೂರು ಮರಿಗಳು ಸಾಮಾನ್ಯ, ನಾಲ್ಕೂ ಅಪರೂಪವಲ್ಲ. ಕರಾವನ್ನು ಮುಂದುವರಿಸಬೇಕಾದರೆ ಮತ್ತೆ ಗಬ್ಬ, ಮತ್ತೆ ಮರಿಗಳು. ಸಿಯಾಟಲ್ಲಿನ ನಿಯಮವು ಹುಟ್ಟಿದ ಮರಿಗಳನ್ನು ಹಾಲು ಬಿಡುವವರೆಗೆ, ಅಂದರೆ ಹೆಚ್ಚೆಂದರೆ ಹನ್ನೆರಡು ವಾರಗಳವರೆಗೆ, ಇಟ್ಟುಕೊಳ್ಳಗೊಡುತ್ತದೆ. ಅನಂತರ ಅವು ಎಲ್ಲಿಗೆ ಹೋಗಬೇಕು? ಹುಟ್ಟುವ ಮರಿಗಳಲ್ಲಿ ಅರ್ಧ ಗಂಡು. ಅವನ್ನು ಕೊಂಡು ಪ್ರೀತಿಯಿಂದ ಸಾಕುವವರು ಎಷ್ಟು ಮಂದಿ ಸಿಕ್ಕಾರು? ಮಕ್ಕಳು ಹೆಸರಿಟ್ಟು ಕರೆದ ಮರಿಯನ್ನು ಕಸಾಯಿಖಾನೆಗೆ ಕಳುಹಿಸಲಾರೆವೆನ್ನುವ ಮನೆ ಈ ಪ್ರಶ್ನೆಗೆ ಉತ್ತರವನ್ನು ಮೊದಲ ಮೇಕೆಯನ್ನು ಕೊಳ್ಳುವ ಮುನ್ನವೇ ಕಂಡುಕೊಳ್ಳಬೇಕು. ಹೋತವನ್ನೂ ಮನೆಯಲ್ಲಿಯೇ ಇಟ್ಟುಕೊಳ್ಳುತ್ತೇವೆನ್ನುವುದು ಹಿತ್ತಿಲಿನಲ್ಲಿ ಸಾಧ್ಯವಾಗದು. ಹೋತದ ತಲೆಗೂದಲಿನಿಂದ ಹೊಮ್ಮುವ 4-ಇಥೈಲ್ ಆಕ್ಟನಾಲ್ ಎಂಬ ದ್ರವ್ಯವು ಹೆಣ್ಣಿನ ಮಿದುಳನ್ನು ಮುಟ್ಟಿ ಬೆದೆಗೆ ಮೂಲವಾದ ನರಸಂಚಲನವನ್ನೇ ಎಬ್ಬಿಸುತ್ತದೆಂಬುದನ್ನು ಜಪಾನಿನ ವಿಜ್ಞಾನಿಗಳು 2014ರಲ್ಲಿ ಪ್ರಕಟಪಡಿಸಿದರು; ಮೇಕೆಗೆ ಆಮಂತ್ರಣವಾದ ಆ ಗಂಧಸಮೂಹ ಮನುಷ್ಯನ ಮೂಗಿಗೆ ದುಸ್ಸಹ. ಬೀಜ ಒಡೆಸಿದ ಗಂಡಿನಲ್ಲಿ ಈ ಸ್ರಾವವಿಲ್ಲ.

ಹಾಲು ಮುಖ್ಯವಲ್ಲ, ಒಡನಾಟ ಮುಖ್ಯ ಎನ್ನುವ ಕುಟುಂಬಕ್ಕೆ ಬೀಜ ಒಡೆಸಿದ ಎರಡು ಗಂಡುಗಳಿಗಿಂತ ಉತ್ತಮವಾದ ಆಯ್ಕೆಯಿಲ್ಲವೆಂದು ನಾನು ನಂಬಿದ್ದೇನೆ. ಅವಕ್ಕೆ ಬೆದೆಯ ಕೂಗಿಲ್ಲ, ಈಯುವ ಕಷ್ಟವಿಲ್ಲ, ಸ್ವಭಾವ ಸೌಮ್ಯ. ಆದರೆ ಅವಕ್ಕೊಂದು ವಿಶೇಷವಾದ ಅಪಾಯವಿದೆ, ಅದೂ ಬಹುವೇಳೆ ಪ್ರೀತಿಯಿಂದಲೇ ಬರುವಂಥದು. ಗಂಡುಮೇಕೆಯ ಮೂತ್ರನಾಳವು ಉದ್ದವಾಗಿ, ನಡುವೆ ಎರಡು ಸಲ ಬಾಗಿ, ತುದಿಯಲ್ಲಿ ಎಳೆಯಂಥ ಕಿರುನಳಿಕೆಯಾಗಿ ಕೊನೆಗಾಣುತ್ತದೆ. ಆ ನಾಳ ಅಗಲವಾಗಿ ಬೆಳೆಯಲು ವೃಷಣಗಳಿಂದ ಬರುವ ಟೆಸ್ಟೊಸ್ಟೆರೋನಿನ ಪ್ರಚೋದನೆ ಬೇಕು. ತೀರ ಎಳೆತನದಲ್ಲಿಯೇ ಬೀಜ ಒಡೆಸಿದರೆ ನಾಳ ಕಿರಿದಾಗಿಯೇ ಉಳಿಯುತ್ತದೆ. ಜೋಳ, ಗೋಧಿ ಮೊದಲಾದ ಧಾನ್ಯಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಮೆ. ಮಕ್ಕಳು ಅಕ್ಕರೆಯಿಂದ ದಿನವೂ ಹಿಡಿಹಿಡಿಯಾಗಿ ಧಾನ್ಯ ತಿನ್ನಿಸಿದರೆ ಹೆಚ್ಚಿನ ರಂಜಕವು ಮೂತ್ರಕ್ಕೆ ಸೇರಿ, ಅಲ್ಲಿ ಹರಳುಕಟ್ಟಿ, ಆ ಕಿರಿದಾದ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ; ಮೂತ್ರ ಕಟ್ಟಿದ ಪ್ರಾಣಿ ತಿಣುಕುತ್ತದೆ, ನರಳುತ್ತದೆ, ಒಡನೆಯೇ ವೈದ್ಯನೊದಗದಿದ್ದರೆ ಮೂತ್ರಕೋಶ ಒಡೆದು ಸಾಯುತ್ತದೆ. ಹುಲ್ಲು ಸೊಪ್ಪುಗಳೇ ಮುಖ್ಯಾಹಾರವಾಗಿ, ಮೇವಿನಲ್ಲಿ ಸುಣ್ಣವು ರಂಜಕದ ಎರಡರಷ್ಟಿದ್ದು, ಶುದ್ಧವಾದ ನೀರು ಸದಾ ಎಟುಕುವಂತಿದ್ದರೆ ಈ ದುರ್ಮರಣವನ್ನು ಬಹುಮಟ್ಟಿಗೆ ತಡೆಯಬಹುದು. ಬೀಜ ಒಡೆಸುವ ಕಾಲವನ್ನು ಕೆಲವು ತಿಂಗಳು ಮುಂದೂಡುವುದು ಒಳ್ಳೆಯದೆಂದು ಅನೇಕ ಪಶುವೈದ್ಯರ ಅಭಿಪ್ರಾಯ. ಆದರೆ ಕುಬ್ಜತಳಿಯ ಗಂಡುಮರಿ ಎರಡು ತಿಂಗಳಿಗೇ ಗಬ್ಬಮಾಡಬಲ್ಲುದಾದ್ದರಿಂದ, ಅಷ್ಟು ಕಾಲ ಅದನ್ನು ತಾಯಿಯಿಂದಲೂ ಅಕ್ಕತಂಗಿಯರಿಂದಲೂ ಬೇರೆಯಿರಿಸುವ ಅನುಕೂಲ ಇರಬೇಕಾಗುತ್ತದೆ.

ಕೊಂಬಿನ ವಿಚಾರವೂ ಸರಳವಲ್ಲ. ಹುಟ್ಟಿದ ಮೊದಲ ಒಂದೆರಡು ವಾರಗಳಲ್ಲಿ ಕೊಂಬಿನ ಮೊಳಕೆಯನ್ನು ಕಾದ ಕಬ್ಬಿಣದಿಂದ ಸುಡಿಸುವುದು ವಾಡಿಕೆ. ಅದು ನೋವಿನ ಕೆಲಸ, ಅರಿವಳಿಕೆ ಕೊಡಬಲ್ಲ ಪಶುವೈದ್ಯನಿಂದಲೇ ಆಗತಕ್ಕದ್ದು. ಹುಟ್ಟಿನಿಂದಲೇ ಬೋಳಾದ ಮೇಕೆಗಳೂ ಇವೆಯಷ್ಟೆ, ಬೋಳಿಗೆ ಬೋಳನ್ನೇ ಕೂಡಿಸಿದರೆ ಸುಡುವ ಪ್ರಮೇಯವೇ ಇರದಲ್ಲ ಎಂದು ಯಾರಿಗಾದರೂ ತೋರುವುದು ಸಹಜ. ಪ್ರಕೃತಿ ಅದಕ್ಕೆ ಅಡ್ಡಬಂದಿದೆ. ಕೊಂಬನ್ನು ಅಡಗಿಸುವ ಆ ಜೀನುವ್ಯತ್ಯಾಸವು ಅಂಡಾಶಯದ ಬೆಳೆವಣಿಗೆಯನ್ನು ನಡೆಸುವ ಜೀನಿನ ಮೇಲೂ ಪ್ರಭಾವ ಬೀರುತ್ತದೆಂದು 2001ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು. ತಂದೆತಾಯಿಗಳಿಬ್ಬರಿಂದಲೂ ಅದನ್ನು ಪಡೆದ ಹೆಣ್ಣುಮರಿ ಪೂರ್ಣಸ್ತ್ರೀತ್ವವನ್ನು ಹೊಂದದೆ ಉಭಯಲಿಂಗಿಯಾಗಿ, ಬಂಜೆಯಾಗಿ ಬೆಳೆಯುತ್ತದೆ. ತಿಳಿದ ಸಾಕಣೆಗಾರರು ಬೋಳುಮೇಕೆಯನ್ನು ಕೊಂಬಿನ ವಂಶದ ಜೊತೆಗಾರನಿಗೇ ಕೂಡಿಸುವುದು ಈ ಕಾರಣದಿಂದ.

ಮೇಕೆಯೊಂದನ್ನೇ ಸಾಕುವುದು ಕ್ರೌರ್ಯವೆಂದು ಹೇಳಲು ನಾನು ಹಿಂಜರಿಯುವುದಿಲ್ಲ. ಬೇಟೆಯಾಡುವ ಪ್ರಾಣಿಗಳಿಗೆ ಆಹಾರವಾಗಿ ಬಾಳಿದ ಕುಲ ಅದು. ಅಡ್ಡಲಾಗಿ ಸೀಳಿದಂತಿರುವ ಅದರ ಪಾಪೆಯು ತಲೆ ಬಗ್ಗಿಸಿ ಮೇಯುವಾಗಲೂ ಕಣ್ಣುಗುಡ್ಡೆಯೊಡನೆ ಹೊರಳಿ ನೆಲಕ್ಕೆ ಸಮಾನಾಂತರವಾಗಿಯೇ ನಿಲ್ಲುವುದು ದಿಗಂತದುದ್ದಕ್ಕೂ ಅಪಾಯವನ್ನು ಅರಸುವುದಕ್ಕಾಗಿ. ಇಂಥ ಪ್ರಾಣಿಗೆ ಜೊತೆಯೆಂಬುದು ಅಭಯ. ಒಂಟಿಯಾದರೆ ಹಗಲಿರುಳೂ ಅರಚುತ್ತದೆ, ಮೇವು ಬಿಡುತ್ತದೆ. ಮನುಷ್ಯನೊಡನೆ ಅದು ಬೆಳೆಸುವ ಸಂಬಂಧ ಕೇವಲ ಮೇವಿನದಲ್ಲವೆಂಬುದಕ್ಕೂ ಪ್ರಮಾಣವಿದೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೆರೆಯಲಾಗದಂತೆ ಮುಚ್ಚಿದ ಡಬ್ಬಿಯೊಳಗೆ ತಿನಿಸನ್ನಿಟ್ಟಾಗ, ಮೇಕೆಗಳು ಎದುರಿಗಿದ್ದ ಮನುಷ್ಯನ ಮುಖವನ್ನೂ ಡಬ್ಬಿಯನ್ನೂ ಮತ್ತೆ ಮತ್ತೆ ನೋಡಿದುವು. ಆತ ಬೆನ್ನು ತಿರುಗಿಸಿ ನಿಂತಾಗ ಹಾಗೆ ನೋಡುವುದು ಕಡಮೆಯಾಯಿತು. ನಾಯಿ ಕುದುರೆಗಳಿಗೆ ಮೀಸಲೆಂದು ಎಣಿಸಿದ್ದ ಈ ಬೇಡಿಕೆಯ ನೋಟ ಹಾಲಿಗೂ ಮಾಂಸಕ್ಕೂ ಸಾಕಿದ ಪ್ರಾಣಿಯಲ್ಲಿ ಕಂಡುಬಂದುದು ನನಗೆ ಅತ್ಯಂತ ಸಂತೋಷವನ್ನಿತ್ತ ಸಂಗತಿ.

ಮೇವಿನ ವಿಷಯದಲ್ಲಿ, ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ನಂಬಿ ಮೇಕೆಗಳನ್ನು ಹೂದೋಟಕ್ಕೆ ಬಿಟ್ಟವರು ಪಶ್ಚಾತ್ತಾಪಪಟ್ಟಾರು. ಅಮೆರಿಕದ ತೋಟಗಳಲ್ಲಿ ಅಲಂಕಾರಕ್ಕೆ ಬೆಳೆಸುವ ರೋಡೋಡೆಂಡ್ರಾನ್, ಅಜೇಲಿಯ, ಯೂ, ನಮಗೆ ಚಿರಪರಿಚಿತವಾದ ಕಣಗಿಲೆ ಇವೆಲ್ಲ ಮೇಕೆಗೆ ವಿಷ. ಮೇಕೆಯು ಮೂಲತಃ ತಲೆಯೆತ್ತಿ ಗಿಡಗಂಟಿಗಳ ಚಿಗುರನ್ನು ಕೀಳುವ ಪ್ರಾಣಿ, ಕುರಿಯಂತೆ ನೆಲದ ಹುಲ್ಲನ್ನು ನಂಬಿದುದಲ್ಲ. ಜಠರದ ರಕ್ತ ಹೀರುವ ಹೀಮಾಂಕಸ್ ಹುಳುವಿನ ಮರಿಗಳು ಹುಲ್ಲಿನ ಮೇಲೆ ಕೆಲವೇ ಅಂಗುಲ ಏರಬಲ್ಲುವಾದ್ದರಿಂದ ಎತ್ತರದ ಸೊಪ್ಪಿನಲ್ಲಿ ಅವಿಲ್ಲ. ಕತ್ತರಿಸಿದ ಹುಲ್ಲುಹಾಸಿನಲ್ಲಿಯೇ ದಿನವೂ ಮೇಯುವ ಮೇಕೆ ಅವನ್ನು ರಾಶಿರಾಶಿಯಾಗಿ ನುಂಗುತ್ತದೆ. ಕೆಳರೆಪ್ಪೆಯ ಒಳಬದಿಯ ಬಣ್ಣವನ್ನು ನೋಡಿ, ಕೆಂಪು ಬಿಳಿಚುತ್ತಿದೆಯೇ ಎಂದು ದಕ್ಷಿಣ ಆಫ್ರಿಕದಲ್ಲಿ ರಚಿತವಾದ ಫಮಾಚಾ ಎಂಬ ವರ್ಣಪಟದೊಡನೆ ಹೋಲಿಸುವುದನ್ನು ಮನೆಯ ಹಿರಿಯ ಮಗುವಿಗೂ ಕಲಿಸಬಹುದು.

ಕೊಳ್ಳುವ ದಿನ ರೂಪಕ್ಕಿಂತಲೂ ರಕ್ತಪರೀಕ್ಷೆಯ ಫಲಿತಾಂಶವನ್ನು ಮೊದಲು ಕೇಳಬೇಕು. ಮೇಕೆಗಳ ಸಂಧಿಗಳನ್ನು ಮೆಲ್ಲಮೆಲ್ಲನೆ ಕೆಡಿಸಿ ಕುಂಟಾಗಿಸುವ ಸಿ.ಎ.ಇ. ಎಂಬ ವೈರಸ್ ಮುಖ್ಯವಾಗಿ ತಾಯಿಯ ಗಿಣ್ಣುಹಾಲಿನಿಂದಲೇ ಮರಿಗೆ ಬರುತ್ತದೆ, ಅದಕ್ಕೆ ಮದ್ದಿಲ್ಲ. ಎಚ್ಚರವುಳ್ಳ ಸಾಕಣೆಗಾರರು ಗಿಣ್ಣನ್ನು ಐವತ್ತಾರು ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಗಂಟೆಯ ಕಾಲವಿಟ್ಟು, ಅದರ ರಕ್ಷಕ ಪ್ರೋಟೀನುಗಳು ಕೆಡದಂತೆ ವೈರಸ್ಸನ್ನು ಮಾತ್ರ ನಾಶಮಾಡಿ, ಸೀಸೆಯಿಂದ ಮರಿಗೆ ಕುಡಿಸುತ್ತಾರೆ. ಹಾಗೆ ಬೆಳೆದ ಮರಿಗೆ ಮನುಷ್ಯಸಂಗ ಹುಟ್ಟಿನಿಂದಲೇ ಅಭ್ಯಾಸವಾಗಿರುವುದರಿಂದ ಮಕ್ಕಳಿರುವ ಮನೆಗೆ ಅದು ಇನ್ನಷ್ಟು ಒಪ್ಪುತ್ತದೆ. ಪರೀಕ್ಷೆಯ ಪತ್ರವನ್ನು ತೋರಿಸಲೊಪ್ಪದ ದೊಡ್ಡಿಯಿಂದ ಎಷ್ಟೇ ಸುಂದರವಾದ ಜೋಡಿಯನ್ನೂ ತರಕೂಡದು.