ಸಿಗ್ನಲ್ ಇಲ್ಲದ ಊರಿನ ವೆಬ್ ಆಪ್

ಮಲೆನಾಡಿನ ಒಳಹಳ್ಳಿಯ ಒಂದು ಹಾಲಿನ ಡೇರಿ ಎಂದುಕೊಳ್ಳಿ. ಬೆಳಗಿನ ಹಾಲು ಅಳೆದು, ಫ್ಯಾಟ್ ನೋಡಿ, ಕಾರ್ಯದರ್ಶಿ ಅದನ್ನು ಮೊಬೈಲಿನ ಬ್ರೌಸರ್‌ನಲ್ಲಿ ತೆರೆದ ಪುಟಕ್ಕೆ ಏರಿಸಬೇಕು. ಸಿಗ್ನಲ್ ಸಿಗುವುದು ಮಾತ್ರ ಗುಡ್ಡದ ತಿರುವಿನಲ್ಲಿ. ಇಂಥ ಕಡೆ ವೆಬ್ ಆಪ್ ನಡೆದೀತೇ? ಖಂಡಿತ ನಡೆಯುತ್ತದೆ. ಆದರೆ ಅದನ್ನು ಕಟ್ಟುವವರು ಮೊದಲ ದಿನವೇ ಒಂದು ವಿಷಯ ತೀರ್ಮಾನಿಸಿರಬೇಕು: ದಾಖಲೆ ಮೊದಲು ಸೇರಬೇಕಾದದ್ದು ದೂರದ ಸರ್ವರನ್ನೋ, ಕೈಯಲ್ಲಿರುವ ಫೋನನ್ನೋ? ಫೋನನ್ನು ಎಂದು ಗಟ್ಟಿ ಮಾಡಿಕೊಳ್ಳದೆ, ಆಪ್ ಮುಗಿದ ಮೇಲೆ ಆಫ್‌ಲೈನ್ ಸೌಲಭ್ಯವನ್ನು ತಂದು ಅಂಟಿಸಿದರೆ ಅದು ನಿಲ್ಲುವುದಿಲ್ಲ.

ಬ್ರೌಸರ್ ತಯಾರಕರು ಈ ಕೆಲಸಕ್ಕೆ ಕೈಹಾಕಿ ಬಹಳ ಕಾಲವಾಯಿತು. 2007ರಲ್ಲಿ ಗೂಗಲ್ 'ಗಿಯರ್ಸ್' ಎಂಬ ಪ್ಲಗಿನ್ ತಂದು, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಬಳಿಕ ಎಚ್‌ಟಿಎಂಎಲ್5ರ ಜೊತೆ ಬಂದ ಆಪ್‌ಕ್ಯಾಶ್ ನೆಟ್ ಇದ್ದಾಗಲೂ ಹಳೆಯ ಪುಟವನ್ನೇ ಮುಂದೆ ಹಿಡಿಯುತ್ತಿತ್ತು. ಅದನ್ನು ತಿದ್ದುವ ಹತೋಟಿ ಆಪ್ ಬರೆಯುವವರ ಕೈಯಲ್ಲಿರಲಿಲ್ಲ. ಇವೆರಡರ ಪಾಠ ಕಲಿತು ಹುಟ್ಟಿದ್ದು ಸರ್ವಿಸ್ ವರ್ಕರ್. ಕ್ರೋಮ್‌ಗೆ ಅದು 2015ರಲ್ಲಿ, ಫೈರ್‌ಫಾಕ್ಸ್‌ಗೆ 2016ರಲ್ಲಿ, ಸಫಾರಿಗೆ 2018ರಲ್ಲಿ ಬಂತು.

ಸರ್ವಿಸ್ ವರ್ಕರ್ ಎಂದರೆ ಪುಟದಿಂದ ಬೇರೆಯಾಗಿ ಓಡುವ ಒಂದು ಜಾವಾಸ್ಕ್ರಿಪ್ಟ್ ಫೈಲು. ಮದುವೆ ಮನೆಯಲ್ಲಿ ಉಗ್ರಾಣ ನೋಡಿಕೊಳ್ಳುವವರ ಹಾಗೆ ಅದು ಪುಟಕ್ಕೂ ನೆಟ್ಟಿಗೂ ನಡುವೆ ಕೂರುತ್ತದೆ: ಕೇಳಿದ್ದು ಒಳಗಿದ್ದರೆ ತೆಗೆದುಕೊಡುತ್ತದೆ, ಇಲ್ಲದಿದ್ದರೆ ಮಾತ್ರ ಪೇಟೆಗೆ ಕಳಿಸುತ್ತದೆ. ಮೊದಲ ಭೇಟಿಗೆ ನೆಟ್ ಬೇಕೇ ಬೇಕು. ತಾಣ ಎಚ್‌ಟಿಟಿಪಿಎಸ್‌ನಲ್ಲಿರಬೇಕು; ಎಲ್ಲ ಕೋರಿಕೆಗಳನ್ನೂ ತಡೆದು ನಿಲ್ಲಿಸಬಲ್ಲ ಕೋಡನ್ನು ಭದ್ರತೆಯಿಲ್ಲದ ದಾರಿಯಲ್ಲಿ ಬರಲು ಬಿಟ್ಟರೆ ಅನಾಹುತವೇ. ಆ ಮೊದಲ ಭೇಟಿಯಲ್ಲಿ ವರ್ಕರ್ ತನಗೆ ಕೊಟ್ಟ ಪಟ್ಟಿಯ ಪ್ರಕಾರ ಪುಟ, ಸ್ಟೈಲು, ಸ್ಕ್ರಿಪ್ಟು, ಚಿತ್ರಗಳನ್ನೆಲ್ಲ ಫೋನಿನ ಕ್ಯಾಶ್‌ನಲ್ಲಿ ತುಂಬಿಕೊಳ್ಳುತ್ತದೆ. ಸಾಮಾನ್ಯವಾಗಿ ಈ ಕೆಲಸಕ್ಕೆ ಬಳಸುವ 'ಆ್ಯಡ್ ಆಲ್' ಆದೇಶದಲ್ಲಿ, ಪಟ್ಟಿಯ ಒಂದೇ ಒಂದು ಫೈಲು ಸಿಗದಿದ್ದರೂ ಇಡೀ ಅನುಸ್ಥಾಪನೆ ಬಿದ್ದುಹೋಗುತ್ತದೆ. ಹೆಸರು ಬದಲಾದ ಒಂದು ಐಕಾನ್ ಸಾಕು.

ಆ ಪಟ್ಟಿ ಬರೆಯಲು ಕೂತಾಗಲೇ ನಮ್ಮ ಪುಟ ಎಷ್ಟೊಂದು ಎರವಲು ಸಾಮಾನಿನ ಮೇಲೆ ನಿಂತಿದೆ ಎಂದು ತಿಳಿಯುವುದು. ಕನ್ನಡ ಫಾಂಟ್ ಒಂದು ಕಡೆಯಿಂದ, ಜಾವಾಸ್ಕ್ರಿಪ್ಟ್ ಲೈಬ್ರರಿ ಇನ್ನೊಂದು ಕಡೆಯಿಂದ, ಐಕಾನ್‌ಗಳು ಮತ್ತೊಂದು ಕಡೆಯಿಂದ ಬರುತ್ತಿರುತ್ತವೆ. ಇವೆಲ್ಲವನ್ನೂ ಇಳಿಸಿಕೊಂಡು ನಮ್ಮದೇ ತಾಣದಲ್ಲಿ ಇಟ್ಟುಕೊಳ್ಳುವುದು ಬೇಸರದ ಕೆಲಸ, ಆದರೆ ತಪ್ಪಿಸಿಕೊಳ್ಳುವಂತಿಲ್ಲ. ಲಾಗಿನ್ ಕೂಡ ಎರವಲೇ. ಒಳಗೆ ಬಿಡಬೇಕೋ ಬೇಡವೋ ಎಂದು ಪ್ರತಿ ಸಲ ಸರ್ವರನ್ನೇ ಕೇಳುವ ಆಪ್, ಸಿಗ್ನಲ್ ಇಲ್ಲದ ಕಡೆ ಬಾಗಿಲಲ್ಲೇ ನಿಂತುಬಿಡುತ್ತದೆ.

ಇಷ್ಟಾದರೆ ಪುಟ ತೆರೆಯುತ್ತದೆ. ಕಷ್ಟ ಇರುವುದು ದಾಖಲೆಯ ವಿಷಯದಲ್ಲಿ. ಬ್ರೌಸರ್‌ನೊಳಗೆ ಇಂಡೆಕ್ಸ್ಡ್‌ಡಿಬಿ ಎಂಬ ದತ್ತಸಂಚಯವಿದೆ. ಕಾರ್ಯದರ್ಶಿ 'ಉಳಿಸು' ಒತ್ತಿದೊಡನೆ ಆರೂವರೆ ಲೀಟರ್, ಫ್ಯಾಟ್ 4.1 ಎಂಬ ಸಾಲು ಅದರಲ್ಲಿ ಕೂರುತ್ತದೆ. ತಿರುವಿಗೆ ಹೋದಾಗ ಫೋನು ಅದನ್ನು ಸರ್ವರಿಗೆ ಕಳಿಸುತ್ತದೆ. ಸರ್ವರ್ ಬರೆದುಕೊಂಡು 'ತಲುಪಿತು' ಎಂದು ಉತ್ತರಿಸುತ್ತದೆ. ಉತ್ತರ ಬರುವಷ್ಟರಲ್ಲಿ ಸಿಗ್ನಲ್ ಹೋಯಿತೆನ್ನಿ. ಫೋನಿಗೆ ಗೊತ್ತಿರುವುದು ಇಷ್ಟೇ: ಕಳಿಸಿದೆ, ಉತ್ತರ ಬಂದಿಲ್ಲ. ಅದು ಮತ್ತೆ ಕಳಿಸುತ್ತದೆ, ಆರೂವರೆ ಲೀಟರ್ ಹದಿಮೂರಾಗುತ್ತದೆ. ಕಳಿಸದೇ ಬಿಟ್ಟರೆ ನಿಜಕ್ಕೂ ತಲುಪದ ದಿನ ಒಬ್ಬರ ದುಡಿಮೆ ಮಾಯವಾಗುತ್ತದೆ. ಇದಕ್ಕೆ ಪರಿಹಾರ, ಸಾಲು ಹುಟ್ಟುವಾಗಲೇ ಫೋನಿನಲ್ಲೇ ಅದಕ್ಕೊಂದು ಗುರುತಿನ ಸಂಖ್ಯೆ ಕೊಡುವುದು. ಯುಯುಐಡಿ ಎಂಬ 128 ಬಿಟ್‌ಗಳ ಈ ಸಂಖ್ಯೆ ಎಷ್ಟು ದೊಡ್ಡದೆಂದರೆ, ಬೇರೆ ಬೇರೆ ಫೋನುಗಳು ಒಂದನ್ನೊಂದು ಕೇಳದೆ ಆರಿಸಿಕೊಂಡರೂ ಒಂದೇ ಸಂಖ್ಯೆ ಬೀಳುವ ಭಯವಿಲ್ಲ. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸ ಸಾಲು ಬರೆಯದೆ 'ತಲುಪಿತು' ಎಂದಷ್ಟೇ ಹೇಳುತ್ತದೆ. ಆಗ ಫೋನು ನಿರಾತಂಕವಾಗಿ ಹತ್ತು ಸಲ ಕಳಿಸಬಹುದು.

ಎರಡು ಫೋನುಗಳಲ್ಲಿ ಒಂದೇ ಸಾಲನ್ನು ತಿದ್ದಿದರೆ? ಕೊನೆಯ ತಿದ್ದುಪಡಿಯೇ ಗೆಲ್ಲಲಿ ಎಂಬುದು ಸುಲಭದ ಉಪಾಯ. ಆದರೆ ಯಾವುದು ಕೊನೆಯದೆಂದು ಹೇಳುವುದು ಫೋನಿನ ಗಡಿಯಾರ, ಅದು ತಪ್ಪಿರಬಹುದು. ಹಣದ ಲೆಕ್ಕದಲ್ಲಿ ಹಳೆಯದನ್ನು ಅಳಿಸಬಾರದು. ತಿದ್ದುಪಡಿಯೂ ಹೊಸ ಸಾಲಾಗಿ ಸೇರಲಿ, ಎರಡೂ ಕಣ್ಣಿಗೆ ಕಾಣಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನೆಟ್ ಪೂರ್ತಿ ಇಲ್ಲದಿರುವುದಕ್ಕಿಂತ ಅರ್ಧಂಬರ್ಧ ಇರುವುದು ಹೆಚ್ಚು ಕಾಡುತ್ತದೆ. ಒಂದು ಕಡ್ಡಿ ತೋರಿಸುತ್ತಿರುತ್ತದೆ, ಡೇಟಾ ಮಾತ್ರ ಹರಿಯುವುದಿಲ್ಲ. 'ಆನ್‌ಲೈನ್ ಇದ್ದೀಯಾ' ಎಂದು ಬ್ರೌಸರನ್ನು ಕೇಳಿದರೆ ಹೌದೆನ್ನುತ್ತದೆ. ಯಾವುದೋ ಜಾಲಕ್ಕೆ ಅಂಟಿಕೊಂಡಿದ್ದೇನೆ ಎಂಬುದಷ್ಟೇ ಅದರ ಅರ್ಥ, ಸರ್ವರ್ ಸಿಗುತ್ತದೆ ಎಂದಲ್ಲ. ನೆಟ್ಟನ್ನು ಮೊದಲು ಕೇಳಿ, ಸಿಗದಿದ್ದರೆ ಕ್ಯಾಶ್‌ಗೆ ಹೋಗುವ ಆಪ್ ಇಂಥಲ್ಲಿ ತಿರುಗುವ ಚಕ್ರ ತೋರಿಸುತ್ತಾ ಕೂರುತ್ತದೆ, ಹಾಲು ತಂದವರು ಕಾಯುತ್ತಾ ನಿಲ್ಲುತ್ತಾರೆ. ಆದ್ದರಿಂದ ಕ್ಯಾಶ್‌ನಿಂದ ಮೊದಲು ಕೊಡಬೇಕು, ಹೊಸದನ್ನು ಹಿನ್ನೆಲೆಯಲ್ಲಿ ತರಿಸಬೇಕು.

ಫೋನಿನಲ್ಲಿ ಇಟ್ಟದ್ದು ಅಲ್ಲೇ ಇರುತ್ತದೆ ಎಂದೂ ನಂಬಿ ಕೂರುವಂತಿಲ್ಲ. ಜಾಗ ಸಾಲದಾದಾಗ ಬ್ರೌಸರ್ ತಾಣಗಳ ಸಂಗ್ರಹವನ್ನು ಅಳಿಸಬಹುದು. ಸಫಾರಿಯಂತೂ 2020ರಿಂದ, ಬ್ರೌಸರ್ ಬಳಸಿದ 7 ದಿನಗಳಲ್ಲಿ ಒಮ್ಮೆಯೂ ಮುಟ್ಟದ ತಾಣದ ದಾಖಲೆಗಳನ್ನು ತೆಗೆದುಹಾಕುತ್ತದೆ. ಹೋಮ್ ಸ್ಕ್ರೀನ್‌ಗೆ ಸೇರಿಸಿದ ಆಪ್‌ಗೆ ಇದರಿಂದ ವಿನಾಯಿತಿ. ಹೀಗಾಗಿ ಆಪನ್ನು ಹೋಮ್ ಸ್ಕ್ರೀನ್‌ಗೆ ಸೇರಿಸಲು ಬಳಸುವವರಿಗೆ ಹೇಳಿಕೊಡಬೇಕು, ಸಂಗ್ರಹವನ್ನು ಕಾಯಂ ಮಾಡುವಂತೆ ಬ್ರೌಸರನ್ನು ಕೋರಬೇಕು. ಇನ್ನೂ ಕಳಿಸದ ಸಾಲುಗಳೆಷ್ಟು ಎಂಬುದನ್ನು ಪರದೆಯ ಮೇಲೆ ಸದಾ ದೊಡ್ಡದಾಗಿ ತೋರಿಸಬೇಕು. ಆ ಸಂಖ್ಯೆ ಸೊನ್ನೆಯಾಗುವವರೆಗೆ ತಿರುವಿನಿಂದ ಹಿಂತಿರುಗಬಾರದೆಂದು ಕಾರ್ಯದರ್ಶಿಗೆ ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ.