ಅಪ್ಪನ ಅಂಬಾಸಿಡರ್‌ಗೆ ನಾಲ್ಕು ಪಿಸ್ಟನ್

ಹೋದ ವರ್ಷ ದೀಪಾವಳಿಗೆ ಬರಗೂರಿಗೆ ಹೋದಾಗ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಇಬ್ಬರು ಅಪರಿಚಿತರು ನಿಂತಿದ್ದರು. ಒಬ್ಬ ಕಾರಿನ ಬಾನೆಟ್ಟನ್ನು ಬೆರಳಲ್ಲಿ ತಟ್ಟಿ ತಗಡಿನ ದಪ್ಪ ನೋಡುತ್ತಿದ್ದ. ಇನ್ನೊಬ್ಬ ಅಪ್ಪನ ಜೊತೆ ಕೆಜಿ ಲೆಕ್ಕದಲ್ಲಿ ಮಾತಾಡುತ್ತಿದ್ದ. ಗುಜರಿಯವರು ಅಂತ ಗೊತ್ತಾಗೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಆ ಕಾರು 1986ರ ಅಂಬಾಸಿಡರ್ ಮಾರ್ಕ್ 4, ಪೆಟ್ರೋಲ್ ಗಾಡಿ. ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಶಿರಾದವರೊಬ್ಬರಿಂದ ಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. 108 ಬರುವ ಮುಂಚೆ ನಮ್ಮ ಬೀದಿಗೆ ಅದೇ ಆಂಬುಲೆನ್ಸ್. ರಾತ್ರಿ ಎರಡು ಗಂಟೆಗೆ ಯಾರಾದರೂ ಬಾಗಿಲು ಬಡಿದರೆ ಅಮ್ಮ ಮೊದಲು ಕಾರಿನ ಕೀ ತಗೊಂಡೇ ಬಾಗಿಲು ತೆಗೆಯುತ್ತಿದ್ದರು. ಶಿರಾ ಆಸ್ಪತ್ರೆ, ಅಲ್ಲಿ ಆಗಲ್ಲ ಅಂದರೆ ತುಮಕೂರು. ಒಂದು ಹೆರಿಗೆ ಹಿಂದಿನ ಸೀಟಿನಲ್ಲೇ ಆಗಿದೆ. ಆ ಹುಡುಗ ಈಗ ಡಿಪ್ಲೊಮಾ ಓದ್ತಿದಾನೆ.

2014ರಲ್ಲಿ ಅದು ನಿಂತಿತು. ನೀಲಿ ಹೊಗೆ, ಪೆಟ್ರೋಲಿಗಿಂತ ಆಯಿಲೇ ಜಾಸ್ತಿ ಕುಡಿಯೋ ಎಂಜಿನ್. ಅದೇ ವರ್ಷ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕೂಡ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಆಮೇಲೆ ಶೆಡ್ಡಲ್ಲಿ ಕೋಳಿಗಳು ಕಾರಿನ ಕೆಳಗೆ ಮೊಟ್ಟೆ ಇಡುತ್ತಿದ್ದವು, ಅಷ್ಟೇ ಉಪಯೋಗ.

"ಅಪ್ಪಾ, ಸ್ವಲ್ಪ ಟೈಮ್ ಕೊಡು, ನಾನು ಎಂಜಿನ್ ಮಾಡಿಸ್ತೀನಿ" ಅಂದೆ.

"ಯುಗಾದಿ ತನಕ ನೋಡ್ತೀನಿ. ಅಷ್ಟರಲ್ಲಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಕೊಟ್‌ಬಿಡೋದೇ ಕಣ್ಲಾ. ಜಾಗ ಬೇಕು, ಮೇವು ಹಾಕೋಕೆ."

ನನ್ನದು ಕಂಪ್ಯೂಟರ್ ಸೈನ್ಸ್. ಎಂಜಿನಿಯರಿಂಗ್ ಓದಿದ್ದೀನಿ ಅನ್ನೋ ಮಾತಿಗೂ ಎಂಜಿನ್‌ಗೂ ಇರೋ ಸಂಬಂಧ ಅಕ್ಷರಗಳದ್ದು ಮಾತ್ರ ಅಂತ ಮುಂದಿನ ನಾಲ್ಕು ತಿಂಗಳಲ್ಲಿ ಅರ್ಥವಾಯಿತು.

ಶಿರಾದಲ್ಲಿ ಅಪ್ಪನ ಕಾಲದ ಮೇಸ್ತ್ರಿ ಒಬ್ಬರಿದ್ದಾರೆ. ಈಗ ಬಂದ ಗಾಡಿಗಳನ್ನು ಅವರ ಮಕ್ಕಳು ನೋಡಿಕೊಳ್ಳುತ್ತಾರೆ, ಅವರು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿರುತ್ತಾರೆ. ಅಂಬಾಸಿಡರ್ ಅಂದ ತಕ್ಷಣ ಎದ್ದು ಬಂದರು. ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಹೋದೆವು. ಚೈನ್ ಪುಲ್ಲಿಯಲ್ಲಿ ಎಂಜಿನ್ ಇಳಿಸಿ, ಹೆಡ್ ಬಿಚ್ಚಿ, ಮೇಸ್ತ್ರಿ ಸಿಲಿಂಡರಿನ ಒಳಗೆ ಹೆಬ್ಬೆರಳಿನ ಉಗುರು ಎಳೆದರು. ಮೇಲುಗಡೆ ಒಂದು ಕಡೆ ಉಗುರು ಟಕ್ ಅಂತ ಸಿಕ್ಕಿಕೊಂಡಿತು. "ನೋಡು ಮರಿ, ಮೆಟ್ಟಿಲು ಬಿದ್ದೈತೆ" ಅಂದರು. ಪಿಸ್ಟನ್ ರಿಂಗು ಓಡಾಡೋ ಜಾಗ ಸವೆದಿರುತ್ತೆ, ಅದರ ಮೇಲಿನ ಅಂಚು ಸವೆದಿರಲ್ಲ. ಅದೇ ಮೆಟ್ಟಿಲು.

ಪಿಸ್ಟನ್ ಹೊರಗೆ ತೆಗೆದು ತಲೆ ಮೇಲಿನ ಕಪ್ಪು ಮಸಿ ಉಜ್ಜಿದಾಗ 020 ಅಂತ ಅಚ್ಚು ಕಾಣಿಸಿತು. ಇಡೀ ಕಥೆಯೇ ಈ ನಂಬರಿನದು, ಹಾಗಾಗಿ ಸ್ವಲ್ಪ ವಿವರಿಸ್ತೀನಿ.

ಈ ಎಂಜಿನ್ ಮೂಲತಃ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್. 1489 ಸಿಸಿ, ನಾಲ್ಕು ಸಿಲಿಂಡರ್. ಹೊಸದರಲ್ಲಿ ಒಂದೊಂದು ಸಿಲಿಂಡರಿನ ಅಡ್ಡಳತೆ 73.025 ಮಿಲಿಮೀಟರ್. ಇಂಗ್ಲಿಷ್ ಎಂಜಿನ್ ಆದ್ದರಿಂದ ಲೆಕ್ಕ ಎಲ್ಲ ಇಂಚಿನದು. ಸಿಲಿಂಡರ್ ಸವೆದಾಗ ಅದನ್ನು ಕೊರೆದು ಸಮವಾಗಿ ದೊಡ್ಡದು ಮಾಡಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುತ್ತಾರೆ. ಈ ದೊಡ್ಡ ಸೈಜುಗಳು ಇಂಚಿನ ಸಾವಿರದ ಭಾಗದಲ್ಲಿ ಬರುತ್ತವೆ: ಹತ್ತು, ಇಪ್ಪತ್ತು, ಮೂವತ್ತು, ನಲವತ್ತು. ಇಪ್ಪತ್ತು ಅಂದರೆ ಸುಮಾರು ಅರ್ಧ ಮಿಲಿಮೀಟರ್. ನಮ್ಮ ಎಂಜಿನ್‌ಗೆ ಯಾರೋ ಈಗಾಗಲೇ ಒಂದು ಸಲ ಇಪ್ಪತ್ತರ ಬೋರ್ ಮಾಡಿಸಿದ್ದರು. ನಲವತ್ತು ಆದ ಮೇಲೆ ಮತ್ತೆ ಕೊರೆಯೋದು ಬೇಡ, ಲೈನರ್ ಹಾಕಬೇಕು ಅನ್ನೋದು ಮೇಸ್ತ್ರಿ ಲೆಕ್ಕ. ಅಂದರೆ ಸಿಲಿಂಡರಿನೊಳಗೆ ಹೊಸ ಕೊಳವೆ ಕೂರಿಸೋದು. ಬೇರೆ ಬ್ಲಾಕನ್ನೇ ಹಾಕಿದರೆ ಎಂಜಿನ್ ನಂಬರ್ ಬದಲಾಗುತ್ತೆ. ಆರ್‌ಟಿಒ ಒಪ್ಪಿಗೆ ತಗೊಂಡು ಆರ್‌ಸಿಯಲ್ಲಿ ತಿದ್ದಿಸಬೇಕು. ಹಾಗಾಗಿ ಈ ಬ್ಲಾಕ್ ಉಳಿಸಿಕೊಳ್ಳೋದೇ ನಮಗಿದ್ದ ದಾರಿ.

ತುಮಕೂರಿನ ಮಷೀನ್ ಶಾಪಿನಲ್ಲಿ ಅಳೆದು ನೋಡಿ ಮೂವತ್ತಕ್ಕೆ ಸಾಕು ಅಂದರು. ಮೇಸ್ತ್ರಿ ಒಂದೇ ಮಾತು ಹೇಳಿದ್ದರು: "ಪಿಸ್ಟನ್ ಕೈಗೆ ಬರೋ ತನಕ ಬೋರ್ ಮಾಡಿಸ್‌ಬ್ಯಾಡ."

ನಾನು ಕೇಳಿದೆನಾ? ಬೆಂಗಳೂರಿಗೆ ವಾಪಸ್ ಬಂದ ರಾತ್ರಿಯೇ ಲ್ಯಾಪ್‌ಟಾಪ್ ಮುಂದೆ ಕೂತು ಹುಡುಕಿದೆ. 'ಅಂಬಾಸಿಡರ್ 1500, ಪಿಸ್ಟನ್ ಸೆಟ್, 030' ಅಂತ ಸಿಕ್ಕಿತು. ಆರ್ಡರ್ ಮಾಡಿದೆ. ಪಾರ್ಸೆಲ್ ಹೊರಟಿದೆ ಅಂತ ಮೆಸೇಜು ಬಂದ ಕೂಡಲೇ ಮಷೀನ್ ಶಾಪಿಗೆ ಫೋನ್ ಹಾಕಿ "ಮೂವತ್ತಕ್ಕೆ ಹೊಡೆದುಬಿಡಿ ಅಣ್ಣಾ, ಪಿಸ್ಟನ್ ಬರ್ತಾ ಇದೆ" ಅಂದೆ. ಎರಡು ಕೆಲಸ ಒಟ್ಟಿಗೆ ನಡೆದರೆ ಟೈಮ್ ಉಳಿಯುತ್ತೆ ಅನ್ನೋದು ನಮ್ಮ ಆಫೀಸಿನ ಬುದ್ಧಿ. ಆಫೀಸಿನಲ್ಲಿ ತಪ್ಪಾದರೆ ಹಿಂದಿನ ವರ್ಷನ್‌ಗೆ ವಾಪಸ್ ಹೋಗಬಹುದು. ಕಬ್ಬಿಣ ಕೊರೆದ ಮೇಲೆ ಹಿಂದಿನ ವರ್ಷನ್ ಇರಲ್ಲ.

ರಿಲೀಸ್ ಕೆಲಸದಲ್ಲಿ ಮುಳುಗಿ ಪಾರ್ಸೆಲ್ ಬಿಚ್ಚಿರಲಿಲ್ಲ. ಹತ್ತು ದಿನ ಬಿಟ್ಟು ಹಾಗೇ ಶಿರಾಕ್ಕೆ ತಗೊಂಡು ಹೋದೆ. ಮೇಸ್ತ್ರಿ ಒಂದು ಪಿಸ್ಟನ್ ಕೈಯಲ್ಲಿ ಹಿಡಿದು ತೂಗಿ ನೋಡಿ, ನಮ್ಮ ಹಳೆಯದರ ಪಕ್ಕ ಇಟ್ಟರು. ಅಗಲ ಒಂದೇ. ತಲೆಯ ಆಕಾರ ಬೇರೆ, ತೂಕ ಬೇರೆ. "ಇದು ಡೀಸೆಲ್‌ದು" ಅಂದರು.

ಅಂಬಾಸಿಡರ್‌ಗೆ ಡೀಸೆಲ್ ಎಂಜಿನ್ನೂ ಇತ್ತು ಅನ್ನೋದು ಗೊತ್ತಿತ್ತು. ಅದೂ 1489 ಸಿಸಿಯೇ, ಬೋರ್ ಅಳತೆಯೂ ಅದೇ ಅನ್ನೋದು ಗೊತ್ತಿರಲಿಲ್ಲ. ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ, ಗಾಳಿಯನ್ನು ಭಾರಿ ಒತ್ತಿ ಆ ಬಿಸಿಗೇ ಹೊತ್ತಿಸಬೇಕು, ಹಾಗಾಗಿ ಪಿಸ್ಟನ್ ಬೇರೆ ಥರ. ಮಾರಿದವರು '1500' ಅಂತ ಮಾತ್ರ ಬರೆದಿದ್ದರು, ಪೆಟ್ರೋಲಾ ಡೀಸೆಲ್ಲಾ ಅಂತ ನಾನೂ ಕೇಳಿರಲಿಲ್ಲ. ವಾಪಸ್ ಮಾಡೋ ಗಡುವು ಏಳು ದಿನ, ಅದೂ ಮುಗಿದಿತ್ತು.

ಅಪ್ಪ ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಹೋಗ್ಲಿ ಬಿಡು, ಆಗ್ಲಿಲ್ಲ ಅಂದ್ರೆ ಇನ್ನೇನ್ ಮಾಡಕ್ಕಾಯ್ತದೆ" ಅಂದು ಬಸ್‌ಸ್ಟ್ಯಾಂಡ್ ಕಡೆ ನಡೆದರು.

ಮುಂದಿನ ಶನಿವಾರ ಜೆ.ಸಿ. ರೋಡಿಗೆ ಹೋದೆ. ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡೋಕೆ ಹೋಗುವವರಿಗೆ ಆ ರಸ್ತೆ ಗೊತ್ತು. ಆದರೆ ಅದರ ನಿಜವಾದ ನಾಟಕ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಕೌಂಟರಿನಲ್ಲಿ ನಡೆಯುತ್ತೆ. ಮೂರನೇ ಅಂಗಡಿಯಲ್ಲಿ ವಯಸ್ಸಾದ ಯಜಮಾನರು ಕೂತಿದ್ದರು.

"ಪೆಟ್ರೋಲಾ ಡೀಸೆಲ್ಲಾ? ಸೈಜೆಷ್ಟು? ಹಳೇ ಪಿಸ್ಟನ್ ತಂದಿದೀರಾ?"

ಫೋನಿನಲ್ಲಿ ಫೋಟೋ ತೋರಿಸಿದೆ.

"ಫೋಟೋಗೆ ಗೇಜ್ ಇಡಕ್ಕಾಗಲ್ಲ ಸಾರ್."

ಮುಂದಿನ ವಾರ ಹಳೇ ಪಿಸ್ಟನ್ನನ್ನೇ ಬ್ಯಾಗಿನಲ್ಲಿಟ್ಟುಕೊಂಡು ಹೋದೆ. ಅವರು ಅಟ್ಟದಿಂದ ಡಬ್ಬಗಳನ್ನು ಇಳಿಸಿ ಒಂದೊಂದೇ ತೆಗೆದು ತೋರಿಸಿದರು. ಸ್ಟ್ಯಾಂಡರ್ಡ್ ಇತ್ತು. ಇಪ್ಪತ್ತು ಇತ್ತು. ಮೂವತ್ತು ಇರಲಿಲ್ಲ. ನಲವತ್ತರದ್ದು ಮೂರೇ ಪಿಸ್ಟನ್, ನಾಲ್ಕನೆಯದನ್ನು ಯಾವಾಗಲೋ ಬಿಡಿಯಾಗಿ ಮಾರಿದ್ದಾರೆ. ಹಾಗೆ ಬಿಡಿ ಮಾರಿದ್ದು ತಪ್ಪು ಅಂತ ಅವರೇ ಬೇಜಾರು ಮಾಡಿಕೊಂಡರು. ಬೇರೆ ಅಂಗಡಿಗಳಲ್ಲೂ ಇಲ್ಲ. ಶಿವಾಜಿನಗರದ ಗುಜರಿಯಲ್ಲಿ ಸ್ಟೀರಿಂಗು, ಡೋರು, ಬಂಪರು ಎಲ್ಲ ಸಿಗುತ್ತೆ. ಆದರೆ ಬಳಸಿದ ಪಿಸ್ಟನ್ ತಗೊಂಡು ಮಾಡೋದೇನು?

ತಮಾಷೆ ಅಂದರೆ ನಾನು ಕೂತು ಕೆಲಸ ಮಾಡೋದು ಹೆಬ್ಬಾಳದ ಹತ್ತಿರ, ಅಲ್ಲಿಂದ ಸ್ವಲ್ಪ ದೂರದ ಯಲಹಂಕದಲ್ಲಿ ಗೋಟ್ಸೆಯವರ ಪಿಸ್ಟನ್ ಮತ್ತು ರಿಂಗ್ ಕಾರ್ಖಾನೆಯೇ ಇದೆ. ಆದರೆ ಕಾರ್ಖಾನೆ ಬಾಗಿಲಿಗೆ ಹೋಗಿ ನಾಲ್ಕು ಪಿಸ್ಟನ್ ಕೊಡಿ ಅಂತ ಕೇಳೋಕಾಗಲ್ಲವಲ್ಲ.

ಇಂಗ್ಲೆಂಡಿನಲ್ಲೂ ವಿಚಾರಿಸಿದೆ. ಅಲ್ಲಿನ ಹಳೇ ಸ್ಪೋರ್ಟ್ಸ್ ಕಾರು ಎಂಜಿಎ 1500ಕ್ಕೂ ಇದೇ 1489 ಸಿಸಿ ಬಿ ಸೀರೀಸ್ ಎಂಜಿನ್ ಇತ್ತು. ಅದನ್ನು ಸಾಕುವವರು ಇವತ್ತಿಗೂ ಬೇಕಾದಷ್ಟು ಜನ, ಹಾಗಾಗಿ ಪಿಸ್ಟನ್ ಎಲ್ಲ ಸೈಜಿನಲ್ಲೂ ಸಿಗುತ್ತೆ. ಖುಷಿಯಾಯಿತು. ಮೇಸ್ತ್ರಿಗೆ ಫೋನ್ ಮಾಡಿದರೆ "ಕಂಪ್ರೆಷನ್ ಎಷ್ಟು ಕೇಳು" ಅಂದರು. ಎಂಜಿಎದು 8.3ಕ್ಕೆ ಒಂದು, ನಮ್ಮ ಗಾಡಿದು ಅದಕ್ಕಿಂತ ಕಡಿಮೆ. ಬೋರ್ ಒಂದೇ ಆದರೂ ಪಿಸ್ಟನ್ ತಲೆ ಒಂದೇ ಅಲ್ಲ. ಡೀಸೆಲ್ ಪಾಠ ಆಗಷ್ಟೇ ಕಲಿತಿದ್ದೆ. ಪೌಂಡಿನ ರೇಟಿಗೆ ಕಸ್ಟಮ್ಸ್ ಸೇರಿಸಿ ನೋಡಿ ಆ ಟ್ಯಾಬ್ ಮುಚ್ಚಿದೆ.

ಕೊನೆಗೆ ದಾರಿ ತೋರಿಸಿದ್ದು ಜೆ.ಸಿ. ರೋಡಿನ ಆ ಯಜಮಾನರೇ. "ಅಂಬಾಸಿಡರ್ ಟ್ಯಾಕ್ಸಿ ಜಾಸ್ತಿ ಓಡಿದ್ದು ಎಲ್ಲಿ ಸಾರ್? ಕಲ್ಕತ್ತಾದಲ್ಲಿ. ಅಲ್ಲಿ ಮಲ್ಲಿಕ್ ಬಜಾರಲ್ಲಿ ಕೇಳಿಸಿ." ನಮ್ಮ ಟೀಮಿನಲ್ಲಿ ಕೋಲ್ಕತ್ತಾದ ಹುಡುಗಿಯೊಬ್ಬಳಿದ್ದಾಳೆ, ಜನವರಿಯಲ್ಲಿ ಊರಿಗೆ ಹೊರಟಿದ್ದಳು. ನಾಲ್ಕು ಸಾಲು ಬರೆದುಕೊಟ್ಟೆ: ಪೆಟ್ರೋಲ್, 1489 ಸಿಸಿ, 040, ಒಂದೇ ಕಂಪನಿಯ ನಾಲ್ಕು, ರಿಂಗ್ ಮತ್ತು ಪಿನ್ ಸಮೇತ. ಜೊತೆಗೆ ಹಳೇ ಪಿಸ್ಟನ್. ಏರ್‌ಪೋರ್ಟಿನ ಸೆಕ್ಯುರಿಟಿಯಲ್ಲಿ ಇದೇನು ಅಂತ ಬ್ಯಾಗ್ ತೆಗೆಸಿ ಕೇಳಿದರಂತೆ. "ಅಂಕಲ್ ಕಾರಿನ ಹೃದಯ" ಅಂದಳಂತೆ. ಅವಳ ಅಪ್ಪ ಎರಡು ಮಧ್ಯಾಹ್ನ ಓಡಾಡಿ ಸೆಟ್ ಹುಡುಕಿದರು. ಎಣ್ಣೆ ಕಾಗದದಲ್ಲಿ ಸುತ್ತಿದ ಹಳೇ ಸ್ಟಾಕು, ಡಬ್ಬ ಮಾಸಿತ್ತು, ಪಿಸ್ಟನ್ ಮಾಸಿರಲಿಲ್ಲ.

ಈ ಸಲ ನಾನು ಯಾರಿಗೂ ಫೋನ್ ಮಾಡಲಿಲ್ಲ. ಡಬ್ಬ ಸಮೇತ ಶಿರಾಕ್ಕೆ ಹೋದೆ.

ಮೇಸ್ತ್ರಿ ನಾಲ್ಕನ್ನೂ ಮೈಕ್ರೋಮೀಟರ್ ಹಿಡಿದು ಅಳೆದರು. ಡಬ್ಬದ ಮೇಲಿನ ನಂಬರ್ ನಂಬಬಾರದಂತೆ. ಆಮೇಲೆ ಒಂದು ಚೀಲಕ್ಕೆ ಹಾಕಿಕೊಂಡು ನನ್ನನ್ನು ಪೇಟೆಯ ಚಿನ್ನದಂಗಡಿಗೆ ಕರಕೊಂಡು ಹೋದರು. ಅಲ್ಲಿ ಅವರು ಗುರುತಿನವರು. ಸರ, ಬಳೆ ತೂಗೋ ತಕ್ಕಡಿ ಮೇಲೆ ಒಂದೊಂದೇ ಪಿಸ್ಟನ್ ಇಟ್ಟೆವು. ಸೊಸೆಗೆ ಓಲೆ ನೋಡ್ತಿದ್ದ ಅಜ್ಜಿಯೊಬ್ಬರು "ಇದ್ಯಾವ್ ಒಡವೆನಪ್ಪಾ?" ಅಂತ ಕೇಳಿದರು. ಮೂರು ಹೆಚ್ಚು ಕಡಿಮೆ ಸಮ ಇದ್ದವು, ಒಂದು ಕೆಲವು ಗ್ರಾಂ ಜಾಸ್ತಿ. ನಾಲ್ಕೂ ಒಂದೇ ತೂಕ ಇಲ್ಲದಿದ್ದರೆ ಓಡುವಾಗ ಎಂಜಿನ್ ಅದುರುತ್ತೆ. ಗ್ಯಾರೇಜಿಗೆ ಬಂದು ಆ ಒಂದರ ಒಳಭಾಗದಲ್ಲಿ, ಪಿನ್ ಕೂರೋ ಗಟ್ಟಿ ಜಾಗದ ಹತ್ತಿರ, ಸ್ವಲ್ಪ ಸ್ವಲ್ಪವೇ ಅರ ಹಾಕಿ, ಮತ್ತೆ ತೂಗಿ, ಸರಿ ಮಾಡಿದರು. ಇದಕ್ಕೇ ಅರ್ಧ ದಿನ ಹೋಯಿತು.

ನಂತರ ತುಮಕೂರು. ಪಿಸ್ಟನ್‌ಗಳ ಮೇಲೆ ಒಂದು, ಎರಡು, ಮೂರು, ನಾಲ್ಕು ಅಂತ ಗುರುತು ಹಾಕಿ, ಪ್ರತಿ ಸಿಲಿಂಡರನ್ನೂ ಅದರದೇ ಪಿಸ್ಟನ್‌ಗೆ ತಕ್ಕಂತೆ ಕೊರೆಸಿದೆವು. ಪಿಸ್ಟನ್‌ಗೂ ಗೋಡೆಗೂ ನಡುವೆ ಬಿಡೋ ಸಂದು ಇಂಚಿನ ಸಾವಿರದ ಎರಡು ಭಾಗದ ಆಸುಪಾಸು, ಅಂದರೆ 0.05 ಮಿಲಿಮೀಟರ್. ಜಾಸ್ತಿಯಾದರೆ ಟಕಟಕ ಸದ್ದು, ಮತ್ತೆ ಹೊಗೆ. ಕಮ್ಮಿಯಾದರೆ ಬಿಸಿಯಾಗಿ ಉಬ್ಬಿದ ಪಿಸ್ಟನ್ ಗೋಡೆಗೆ ಕಚ್ಚಿಕೊಳ್ಳುತ್ತೆ. ಪಿಸ್ಟನ್ ಮೊದಲು ಕೈಗೆ ಬರಲಿ ಅಂತ ಮೇಸ್ತ್ರಿ ಯಾಕೆ ಹೇಳಿದ್ದರು ಅಂತ ಮಷೀನ್ ಪಕ್ಕ ನಿಂತಾಗ ತಲೆಗೆ ಹೋಯಿತು. ಡಬ್ಬದ ಮೇಲೆ ಬರೆದಿರೋ ನಲವತ್ತಕ್ಕಲ್ಲ, ಕೈಯಲ್ಲಿರೋ ಆ ಒಂದು ಪಿಸ್ಟನ್‌ಗೆ ಬೋರ್ ಮಾಡೋದು.

ಕ್ರ್ಯಾಂಕ್ ಕಥೆಯೂ ಇದೇ, ಆದರೆ ಉಲ್ಟಾ. ಅದನ್ನು ಗ್ರೈಂಡ್ ಮಾಡಿದಷ್ಟೂ ಸಣ್ಣದಾಗುತ್ತೆ, ದಪ್ಪ ಬೇರಿಂಗ್ ಬೇಕು. ಬೇರಿಂಗ್ ಜೆ.ಸಿ. ರೋಡಲ್ಲೇ ಸಿಕ್ಕಿತು. ಗ್ಯಾಸ್ಕೆಟ್ ಸೆಟ್ಟು, ಟೈಮಿಂಗ್ ಚೈನು, ವಾಲ್ವುಗಳು ಸುಲಭ. ಪೆಟ್ರೋಲಿಗೆ ಈಗ ಎಥನಾಲ್ ಸೇರಿಸ್ತಾರೆ, ಹಳೇ ರಬ್ಬರು ತಡೆಯಲ್ಲ ಅಂತ ಪೆಟ್ರೋಲ್ ಪೈಪುಗಳನ್ನೆಲ್ಲ ಹೊಸದು ಹಾಕಿಸಿದೆ.

ರಿಂಗ್ ಹಾಕೋ ದಿನ ಅಪ್ಪನೂ ಬಂದಿದ್ದರು. ರಿಂಗನ್ನು ಒಂದೊಂದಾಗಿ ಖಾಲಿ ಸಿಲಿಂಡರಿನಲ್ಲಿಟ್ಟು, ಬಾಯಿ ಸಂದಿಗೆ ಫೀಲರ್ ಗೇಜ್ ತೂರಿಸಿ ನೋಡಬೇಕು. ಮೇಸ್ತ್ರಿ ಗೇಜನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಕನ್ನಡಕ ಮೇಲೆ ಮಾಡಿಕೊಂಡು, ಉಸಿರು ಹಿಡಿದು, ಹದಿನಾರು ರಿಂಗನ್ನೂ ನೋಡಿದರು. ಎರಡು ರಿಂಗಿಗೆ ತಲೆ ಅಲ್ಲಾಡಿಸಿದರು. ಮೇಸ್ತ್ರಿ ಎದುರು ಮಾತಾಡದೆ ಅರ ತಗೊಂಡರು.

ಯುಗಾದಿಗೆ ಆರು ದಿನ ಇದ್ದಾಗ ಎಂಜಿನ್ ಏರಿಸಿದೆವು. ಮೊದಲನೇ ಸಲ ಕೆಮ್ಮಿತು. ಎರಡನೇ ಸಲ ಬ್ಯಾಟರಿ ಸೋತಿತು. ಜೀಪಿನ ಬ್ಯಾಟರಿ ತಂದು ಕೇಬಲ್ ಹಾಕಿ ಮೂರನೇ ಸಲ ಸೆಲ್ಫ್ ಹೊಡೆದಾಗ ಹಿಡಿಯಿತು. ಅಪ್ಪ ಡ್ರೈವರ್ ಸೀಟಿನಲ್ಲಿದ್ದರು. ನಾವೆಲ್ಲ ಮುಂದೆ ನಿಂತು ಬಾನೆಟ್ ನೋಡುತ್ತಿದ್ದರೆ, ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ಸೈಲೆನ್ಸರ್ ನೋಡುತ್ತಿದ್ದರು. ಹೊಗೆ ಇರಲಿಲ್ಲ.

ಮೊದಲ ಐನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ ಆಯಿಲ್ ಬದಲಿಸಬೇಕು ಅಂತ ಮೇಸ್ತ್ರಿ ತಾಕೀತು ಮಾಡಿದ್ದಾರೆ. ಅಪ್ಪ ದಿನಾ ಸಂಜೆ ಶಿರಾ ತನಕ ಹೋಗಿ ಬರ್ತಾರಂತೆ. ಕಿಲೋಮೀಟರ್ ಎಣಿಸೋಕೆ ಅಂತ ಹೇಳ್ತಾರೆ, ಆದರೆ ಆಗಲೇ ಒಂಬೈನೂರು ದಾಟಿದೆ ಅಂತ ಅಮ್ಮ ಫೋನಲ್ಲಿ ಹೇಳಿದರು. ಮೇವನ್ನು ಹಟ್ಟಿ ಪಕ್ಕ ಟಾರ್ಪಾಲು ಹೊದಿಸಿ ಹಾಕಿದ್ದಾರೆ.

ಆ ನಾಲ್ಕು ಡೀಸೆಲ್ ಪಿಸ್ಟನ್ ಇನ್ನೂ ನನ್ನ ವರ್ಕ್ ಟೇಬಲ್ ಮೇಲಿವೆ. 030 ಸೈಜು, ರಿಂಗ್ ಸಮೇತ, ಒಮ್ಮೆಯೂ ಬಳಸಿಲ್ಲ. ಯಾರ ಹತ್ತಿರವಾದರೂ ಡೀಸೆಲ್ ಅಂಬಾಸಿಡರ್ ಇದ್ದರೆ ಕೆಳಗೆ ಕಾಮೆಂಟಿನಲ್ಲಿ ಹೇಳಿ, ಕೊಡ್ತೀನಿ. ಬೋರ್ ಮಾತ್ರ ಇನ್ನೂ ಮಾಡಿಸಿರಬಾರದು.